ಜಲಜಕ್ಕನ ಜೊತೆ ಇನ್ನೂರು ಮೀಟರ್

ಮೊನ್ನೆ ತಂಗಿಯ ಮಗಳ ನಿಶ್ಚಿತಾರ್ಥಕ್ಕೆ ಹೊರಟಿದ್ದೆ. ಸೆರಗಿಗೆ ಪಿನ್ನು ಬೇಕಾಗಿತ್ತು. ನಮ್ಮ ಮನೆಯಲ್ಲಿ ಪಿನ್ನಿನ ಡಬ್ಬಿ ಎಂದು ಒಂದಿದೆ. ಅದರಲ್ಲಿ ಪಿನ್ನೊಂದನ್ನು ಬಿಟ್ಟು ಉಳಿದೆಲ್ಲ ಸಿಗುತ್ತದೆ: ಮಾರಿಹೋದ ಸ್ಕೂಟರಿನ ಕೀಲಿ, ಒಂಟಿ ಓಲೆ, ಯಾವ ಅಂಗಿಯದೆಂದು ಯಾರಿಗೂ ಗೊತ್ತಿಲ್ಲದ ಗುಂಡಿಗಳು. ಅವತ್ತು ಮಾತ್ರ ಒಂದಲ್ಲ, ನಾಲ್ಕು ಪಿನ್ನು ಒಟ್ಟಿಗೇ ಸಿಕ್ಕವು. ಮಡಚಿಟ್ಟ ಕಾಗದವೊಂದರ ನಾಲ್ಕು ಮೂಲೆಗೆ ಚುಚ್ಚಿಕೊಂಡಿದ್ದವು. ಬಿಡಿಸಿ ನೋಡಿದರೆ ದಪ್ಪ ಅಕ್ಷರದಲ್ಲಿ 217. ನನ್ನ ಚೆಸ್ಟ್ ನಂಬರು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮಂಚದ ಮೇಲೆ ಕುಳಿತುಬಿಟ್ಟೆ.

ಬಾಗಿಲಲ್ಲಿ ಬೂಟು ಹಾಕಿಕೊಂಡು ನಿಂತಿದ್ದ ನಮ್ಮ ಯಜಮಾನರು ಒಳಗೆ ಇಣುಕಿದರು. ಕಾಗದ ನೋಡಿದರು. "ಮುಗೀತು ತಗೋ. ಇನ್ನ ನಾವು ಹೋದಂಗ ಆತು" ಎಂದು ಬೂಟು ಬಿಚ್ಚಿದರು.

ನಾನು ಓಟಗಾರ್ತಿ. ಈ ಒಂದು ವಾಕ್ಯವನ್ನು ಹೇಳಿಕೊಳ್ಳಲು ನನಗೆ ಐವತ್ತಾರು ವರ್ಷ ಬೇಕಾಯಿತು. ಅದರಲ್ಲೂ ದೂರದ ಓಟದವಳಲ್ಲ. ನೂರು ಮೀಟರ್, ಇನ್ನೂರು ಮೀಟರ್. ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಇದನ್ನು ಅರ್ಥಮಾಡಿಸುವುದು ಸುಲಭವಲ್ಲ. ಬೆಳಿಗ್ಗೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಲಿಫ್ಟಿನಲ್ಲಿ ಇಳಿದ ಮೊದಲ ದಿನವೇ ಮೂರನೇ ಮಹಡಿಯ ಹೆಂಗಸು ಮರುಕದಿಂದ ಕೇಳಿದ್ದಳು: "ಶುಗರ್ ನಿಘಾಲೀ ಕಾ, ವಹಿನೀ?" ಸಕ್ಕರೆ ಕಾಯಿಲೆ ಬಂತೇ ಎಂದು! ನನ್ನ ವಯಸ್ಸಿನ ಹೆಂಗಸು ಬೆಳಿಗ್ಗೆ ಬೆವರುವುದಕ್ಕೆ ಇನ್ನೇನು ಕಾರಣವಿದ್ದೀತು? ಶುಗರ್ ಇಲ್ಲವೆಂದೆ. ಹಾಗಾದರೆ ಬಿಪಿ ಇರಬೇಕು ಎಂದು ಅವಳೇ ತೀರ್ಮಾನಿಸಿದಳು.

ಓಡುವುದು ನನಗೆ ಹೊಸದೇನೂ ಅಲ್ಲ. ಗದಗಿನಲ್ಲಿ ನನ್ನ ಅಪ್ಪ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದರು. ಮಧ್ಯಾಹ್ನ ಊಟಕ್ಕೆ ಸಿಗುತ್ತಿದ್ದದ್ದು ಅರ್ಧ ಗಂಟೆ. ಸೈರನ್ ಕೂಗಿದ ಮೇಲೆ ಅವ್ವ ಬಿಸಿ ರೊಟ್ಟಿ ಬಡಿದು ಕಟ್ಟಿಕೊಡುವಳು. ಅದು ತಣ್ಣಗಾಗುವ ಮೊದಲು ನಾನು ಮುಟ್ಟಿಸಬೇಕು. ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಮಜ್ಜಿಗೆಯ ಗಿಂಡಿ. ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ಓಡಿದರೆ ಜಿನ್ನಿನ ಗೇಟು ಬರುವವರೆಗೆ ನಿಲ್ಲುತ್ತಿರಲಿಲ್ಲ. ಗಿಂಡಿಯ ಮುಚ್ಚಳ ತೆಗೆದು ಅಪ್ಪ ನಗುತ್ತಿದ್ದರು: "ಇವತ್ತೂ ಬೆಣ್ಣಿ ತಂದೀಯಲ್ಲವಾ!" ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓಟದಲ್ಲಿ ನನ್ನನ್ನು ಯಾರೂ ಹಿಂದೆ ಹಾಕಿರಲಿಲ್ಲ. ಬಹುಮಾನಕ್ಕೆ ಬಂದ ಸೋಪಿನ ಡಬ್ಬಿಗಳೇ ಐದಿದ್ದವು. ಹಾಕಲು ಅಷ್ಟು ಸೋಪು ಮನೆಯಲ್ಲಿರಲಿಲ್ಲ. ಎಂಟನೆಯದಕ್ಕೆ ಬಂದಾಗ ದೊಡ್ಡವಳಾದೆ, ಓಟ ನಿಂತಿತು. ಯಾರೂ ಬೈದು ನಿಲ್ಲಿಸಲಿಲ್ಲ. ಒಂದು ದಿನ ಅವ್ವ ಲಂಗವನ್ನು ಸೊಂಟದಿಂದ ಕೆಳಗೆ ಬಿಡಿಸಿದಳು, ಅಷ್ಟೇ.

ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಮತ್ತೆ ಓಡತೊಡಗಿದೆ. ಆದರೆ ಅದನ್ನು ಇಲ್ಲಿ ಯಾರೂ ಓಟ ಎನ್ನುವುದಿಲ್ಲ, ನೌಕರಿ ಎನ್ನುತ್ತಾರೆ. ನನ್ನ ಕೆಲಸ ತುರ್ಭೆಯ ಒಂದು ಪ್ರೆಸ್ಸಿನಲ್ಲಿ. ಔಷಧಿಯ ರಟ್ಟಿನ ಡಬ್ಬಿಗಳನ್ನು ಮುದ್ರಿಸುವ ಜಾಗ. ಅಕ್ಷರ ತಪ್ಪಿದೆಯೇ, ಬಣ್ಣ ಜಾರಿದೆಯೇ ಎಂದು ನೋಡುವವಳು ನಾನು. ಡೊಂಬಿವಲಿಯಿಂದ ಥಾಣೆಗೆ ಒಂದು ಲೋಕಲ್, ಥಾಣೆಯಿಂದ ತುರ್ಭೆಗೆ ಇನ್ನೊಂದು. ಮೊದಲನೆಯದು ಎರಡನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಎರಡನೆಯದು ಹತ್ತರಿಂದ ಹೊರಡುತ್ತದೆ. ನಡುವೆ ಸೇತುವೆ, ಮೆಟ್ಟಿಲು, ಮತ್ತು ನನ್ನ ಹಾಗೆಯೇ ಅವಸರದಲ್ಲಿರುವ ಅರ್ಧ ಥಾಣೆ. ಇಪ್ಪತ್ತು ವರ್ಷ ಈ ಸೇತುವೆಯ ಮೇಲೆ ಭುಜಗಳ ಸಂದಿಯಲ್ಲಿ ನುಸುಳಿ ಓಡಿದವಳಿಗೆ ಬೇರೆ ತರಬೇತಿ ಏಕೆ ಬೇಕು?

ಜಲಜಕ್ಕ ನನ್ನನ್ನು ಹಿಡಿದದ್ದು ಅಲ್ಲೇ. ನಾನು ಹತ್ತನೇ ಪ್ಲಾಟ್‌ಫಾರ್ಮಿನ ಲೇಡೀಸ್ ಡಬ್ಬಕ್ಕೆ ಹಾರಿ ಹತ್ತಿ, ಉಸಿರು ಸುಧಾರಿಸಿಕೊಂಡು, ತಂಗಿಯೊಡನೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡುತ್ತಿದ್ದೆ. ನನ್ನ ಹಿಂದೆಯೇ ಹತ್ತಿದ ಹೆಂಗಸೊಬ್ಬರು ಮಾತು ಮುಗಿಯುವುದನ್ನೇ ಕಾದು ಹೇಳಿದರು:

"ನಿಮ್ಮ ಹಿಮ್ಮಡಿ ನೆಲಕ್ಕೆ ತಾಗುದೇ ಇಲ್ಲ ಮಾರಾಯ್ರೆ."

ಚಪ್ಪಲಿ ಕಿತ್ತಿತೆಂದುಕೊಂಡು ನಾನು ಗಾಬರಿಯಿಂದ ಕಾಲೆತ್ತಿ ನೋಡಿದೆ.

"ಚಪ್ಪಲಿ ಅಲ್ಲ. ಓಡುವಾಗ. ಮೂರು ದಿನದಿಂದ ನೋಡ್ತಾ ಇದ್ದೇನೆ. ಚಿಕ್ಕದಿರುವಾಗ ಓಡ್ತಿದ್ರಾ?"

"ಸಾಲ್ಯಾಗ ಓಡ್ತಿದ್ದೆರಿ. ಏಳನೇತ್ತ ತನಕ."

"ಈಗ ಎಷ್ಟು ವಯಸ್ಸು?"

ಲೋಕಲ್ ಗಾಡಿಯಲ್ಲಿ ಪರಿಚಯವಿಲ್ಲದವರು ಜಾತಿ ಕೇಳಿದ್ದುಂಟು, ಮನೆ ಬಾಡಿಗೆ ಕೇಳಿದ್ದುಂಟು. ವಯಸ್ಸನ್ನು ಇಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲ. ಐವತ್ತಾರು ಎಂದೆ. ಅವರ ಮುಖ ಅರಳಿತು. "ನನಗೆ ಐವತ್ತೊಂಬತ್ತು. ಒಂದೇ ಗುಂಪು!"

ಜಲಜಕ್ಕ ಉಡುಪಿ ಕಡೆಯವರು. ಕಲ್ಯಾಣದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಿಟಿ ಟೀಚರ್ ಆಗಿದ್ದು ನಿವೃತ್ತರಾಗಿದ್ದರು. ಮನೆಯಲ್ಲಿ ತುಳು, ಮೈದಾನದಲ್ಲಿ ಮರಾಠಿ, ನನ್ನ ಜೊತೆ ಪುಸ್ತಕದಿಂದ ಕತ್ತರಿಸಿ ತೆಗೆದಂಥ ಕನ್ನಡ. ಹಿರಿಯರ ಓಟದ ಲೋಕವನ್ನು ನನಗೆ ತೋರಿಸಿದವರೇ ಅವರು. ಅಲ್ಲಿ ಐದೈದು ವರ್ಷಕ್ಕೊಂದು ಗುಂಪು. ಐವತ್ತೈದರಿಂದ ಐವತ್ತೊಂಬತ್ತರವರೆಗೆ ಒಂದು, ಅರವತ್ತಕ್ಕೆ ಮುಂದಿನದು. ಹಾಗಾಗಿ ಹುಟ್ಟುಹಬ್ಬ ಬಂದರೆ ಹೆದರುವವರು ಆ ಲೋಕದಲ್ಲಿಲ್ಲ. ಅರವತ್ತಾಗುವುದನ್ನು ಜನ ದಿನವೆಣಿಸಿ ಕಾಯುತ್ತಾರೆ, ಏಕೆಂದರೆ ಹೊಸ ಗುಂಪಿಗೆ ಅವರೇ ಎಲ್ಲರಿಗಿಂತ ಚಿಕ್ಕವರು. ಎಂಬತ್ತಕ್ಕೆ ಕಾಲಿಡುವವನು ಎಳೆಯ ಹುರಿಯಾಳಂತೆ ಮೀಸೆ ತಿರುವುತ್ತಾನೆ.

ಡೊಂಬಿವಲಿಯ ಮಣ್ಣಿನ ಮೈದಾನದಲ್ಲಿ ನಮ್ಮ ಅಭ್ಯಾಸ ಶುರುವಾಯಿತು. ಒಂದು ಕಡೆ ಕ್ರಿಕೆಟ್, ಇನ್ನೊಂದು ಕಡೆ ನಗೆಕೂಟದ ಅಜ್ಜಂದಿರು, ನಡುವಿನ ಪಟ್ಟಿಯಲ್ಲಿ ನಾವಿಬ್ಬರು. ಕೆಲವೇ ದಿನಗಳಲ್ಲಿ ಅವರು ನನಗೆ ಜಲಜಕ್ಕ ಆದರು. ನಾನು ಅವರಿಗೆ 'ನೀವು' ಹೋಗಿ 'ನೀನು' ಆದೆ. ನಮ್ಮ ವಯಸ್ಸಿನವರು ನಿಂತೇ ಓಟ ಶುರುಮಾಡಬಹುದು, ಕೂತು ಹೊರಡಬೇಕೆಂಬ ನಿಯಮವಿಲ್ಲ. ಜಲಜಕ್ಕ ಒಪ್ಪಲಿಲ್ಲ. "ನಿಂತುಕೊಂಡು ಹೊರಡ್ಲಿಕ್ಕೆ ನೀನೆಂತ ಬಸ್ಸಿಗೆ ಕಾಯ್ತಾ ಇದ್ದೀಯಾ?" ಎಂದು ನೆಲಕ್ಕೆ ಕೂರಿಸಿದರು. ಮೊದಲ ಸಲ ಕೂತಾಗ ನನ್ನ ಮೊಣಕಾಲು ಎಷ್ಟು ಜೋರಾಗಿ ಲಟಕ್ಕೆಂದಿತೆಂದರೆ ಪಕ್ಕದ ಅಜ್ಜ ನಗುವುದನ್ನು ನಿಲ್ಲಿಸಿ ತಿರುಗಿ ನೋಡಿದರು.

ಮನೆಯಲ್ಲಿ ಸುದ್ದಿ ಮುಟ್ಟಿಸಿದೆ. ಮಗಳು ಪಲ್ಲವಿಗೆ ಕನ್ನಡ ತಿಳಿಯುತ್ತದೆ, ಬಾಯಲ್ಲಿ ಬರುವುದು ಮರಾಠಿ. "ಆಯೀ, ತೂ ಖರಂಚ್ ಪಳಣಾರ್?" ಎಂದಳು. ನಿಜವಾಗಿಯೂ ಓಡುತ್ತೀಯಾ ಎಂದು. ಹೂಂ ಎಂದೆ. ನಾಲ್ಕು ದಿನಕ್ಕೆ ಅಡಿಯಲ್ಲಿ ಮೊಳೆಗಳಿರುವ ಓಟದ ಬೂಟು ಪಾರ್ಸಲ್ಲಿನಲ್ಲಿ ಬಂತು. ಗಿಳಿಹಸಿರು ಬಣ್ಣ. ನನ್ನ ಮದುವೆಯ ರೇಷ್ಮೆ ಸೀರೆ ಬಿಟ್ಟರೆ ಅಷ್ಟು ಕಣ್ಣು ಕುಕ್ಕುವ ವಸ್ತುವನ್ನು ನಾನು ಮೈಮೇಲೆ ಹಾಕಿಕೊಂಡದ್ದಿಲ್ಲ.

ಹೀಗೆ ಎಂಟು ತಿಂಗಳು ಕಳೆದು, ನವಿ ಮುಂಬಯಿಯಲ್ಲಿ ಹಿರಿಯರ ಕ್ರೀಡಾಕೂಟ ಬಂತು. ಶನಿವಾರ ನೂರು ಮೀಟರ್, ಭಾನುವಾರ ಇನ್ನೂರು. ಯಜಮಾನರು ಥರ್ಮಾಸಿನಲ್ಲಿ ಚಹಾ ತುಂಬಿಕೊಂಡು ಜೊತೆಗೆ ಬಂದರು. ಸೀವುಡ್ಸ್‌ನಲ್ಲಿ ಇಳಿದು ರಿಕ್ಷಾ ಹಿಡಿದು ಮೈದಾನ ಸೇರಿದರೆ ಗಾಳಿಯೆಲ್ಲ ನೋವಿನ ಮುಲಾಮಿನ ವಾಸನೆ. ಎಂಬತ್ತು ದಾಟಿದವರೊಬ್ಬರು ತಮ್ಮ ಓಟಕ್ಕೆ ಕರೆ ಬಂದಾಗ ಜೇಬಿನಿಂದ ಬಾಚಣಿಗೆ ತೆಗೆದು ಇದ್ದಷ್ಟು ಕೂದಲನ್ನು ಬಾಚಿಕೊಂಡು ಹೋದರು.

ನಮ್ಮ ಗುಂಪಿನಲ್ಲಿ ಆರು ಜನ. ನಾಲ್ಕು ವರ್ಷಗಳಿಂದ ನೂರು ಮೀಟರಿನ ಮೊದಲ ಸ್ಥಾನ ಜಲಜಕ್ಕನದೇ. ಈ ಗುಂಪಿನಲ್ಲಿ ಇದೇ ಅವರ ಕೊನೆಯ ಕೂಟ. ಮುಂದಿನ ಸಲಕ್ಕೆ ಅರವತ್ತು. ನನಗೆ ಮೂರನೇ ಲೇನು, ಅವರಿಗೆ ನಾಲ್ಕನೆಯದು. ಪಿಸ್ತೂಲು ಸಿಡಿಯಿತು.

ಅಂದು ನನಗೇನಾಯಿತೋ, ಬೂಟು ನನ್ನದಲ್ಲ, ಕಾಲೂ ನನ್ನದಲ್ಲ ಎಂಬಂತೆ ಹೊರಟೆ. ಐವತ್ತು ಮೀಟರಿಗೆ ಎಡಗಡೆ ಯಾರೂ ಇರಲಿಲ್ಲ. ಎಪ್ಪತ್ತಕ್ಕೆ ಬಲಗಣ್ಣಿನ ಅಂಚಿನಲ್ಲಿದ್ದ ಜಲಜಕ್ಕನ ಭುಜ ಮೆಲ್ಲಗೆ ಹಿಂದೆ ಸರಿಯಿತು. ಆಗ ನನ್ನ ತಲೆಯಲ್ಲಿ ಒಂದು ಮಾತು ಬಂತು. ನೂರು ಮೀಟರಿನಲ್ಲಿ ಮಾತಿಗೆ ಸಮಯವಿಲ್ಲ ಎನ್ನುತ್ತಾರೆ, ನನಗೆ ಬಂತು. ಕಲಿಸಿದವರು ಅವರು. ಇದು ಅವರ ಕೊನೆಯ ವರ್ಷ. ನನಗಿನ್ನೂ ಮೂರು ವರ್ಷ ಇದೆ. ಇಷ್ಟು ಯೋಚಿಸಿ ಹೆಜ್ಜೆಯನ್ನು ಒಂದೇ ಒಂದು ಗೇಣು ಗಿಡ್ಡ ಮಾಡಿದೆ. ಭುಜ ಮತ್ತೆ ಕಾಣಿಸಿತು, ಮುಂದೆ ಹೋಯಿತು. ಜಲಜಕ್ಕ ಮೊದಲು, ನಾನು ಎರಡನೆಯವಳು.

ಓಡಿಹೋಗಿ ಅವರನ್ನು ತಬ್ಬಿಕೊಂಡೆ. ಸುಳ್ಳೇಕೆ ಹೇಳಲಿ, ನನ್ನ ದೊಡ್ಡ ಮನಸ್ಸಿಗೆ ನಾನೇ ಸೋತುಹೋಗಿದ್ದೆ. ಜಲಜಕ್ಕ ಮಾತ್ರ ನಗಲಿಲ್ಲ. ಯಜಮಾನರು ಓಟವನ್ನು ಫೋನಿನಲ್ಲಿ ಹಿಡಿದಿದ್ದರು; ಅದನ್ನು ಕೇಳಿ ತೆಗೆದುಕೊಂಡು ನೆರಳಿಗೆ ಹೋಗಿ ನೋಡಿದರು. ಹಿಂದಕ್ಕೆ ಎಳೆದು ಮತ್ತೊಮ್ಮೆ ನೋಡಿದರು. ಆಮೇಲೆ ನನ್ನ ಹತ್ತಿರ ಬಂದರು.

"ಶಕುಂತಲಾ ಅವರೇ, ನಿಮಗೆ ಕಾಲು ಹಿಡೀತಾ?"

ಎಂಟು ತಿಂಗಳ ನಂತರ ಅವರ ಬಾಯಲ್ಲಿ ಮತ್ತೆ 'ನೀವು' ಬಂದಿತ್ತು. "ಇಲ್ರಿ" ಎಂದೆ.

"ಮತ್ತೆಂತಕ್ಕೆ ಎಂಬತ್ತು ಮೀಟರಿನಲ್ಲಿ ಹೆಜ್ಜೆ ಗಿಡ್ಡ ಮಾಡಿದ್ದು?"

ನಾನು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದೆ.

"ಮೂವತ್ತು ವರ್ಷ ಮಕ್ಕಳಿಗೆ ಓಡ್ಲಿಕ್ಕೆ ಕಲಿಸಿದ್ದೇನೆ. ಸೋಲುವುದು ನನಗೆ ಗೊತ್ತುಂಟು, ಅದನ್ನೂ ಕಲಿಸಿದ್ದೇನೆ. ನೀವು ನನಗೆ ಸರಿಯಾಗಿ ಸೋಲ್ಲಿಕ್ಕೂ ಬಿಡ್ಲಿಲ್ಲ. ನಾನೆಂತ ನಿಮ್ಮ ಮನೆ ಬಾಗಿಲಿಗೆ ಭಿಕ್ಷೆಗೆ ಬಂದವಳಾ?"

ಕರೆದಾಗ ಹೋಗಿ ಪದಕ ಹಾಕಿಸಿಕೊಂಡರು. ಕೆಳಗಿಳಿದವರೇ ತೆಗೆದು ಚೀಲದ ತಳಕ್ಕೆ ಹಾಕಿ, ನಮ್ಮನ್ನು ಕಾಯದೆ ಹೊರಟುಹೋದರು.

ವಾಪಸು ಬರುವಾಗ ನಾನು ಯಜಮಾನರ ಜೊತೆ ಜನರಲ್ ಡಬ್ಬದಲ್ಲೇ ಕುಳಿತೆ. ತುರ್ಭೆ ಹೋಯಿತು, ಘನ್ಸೋಲಿ ಹೋಯಿತು, ನನ್ನ ದೂರು ಮುಗಿಯಲಿಲ್ಲ. ಆಕೆಗೋಸ್ಕರ ನಾನು ಚಿನ್ನ ಬಿಟ್ಟೆ, ಒಂದು ಒಳ್ಳೆಯ ಮಾತಿಲ್ಲ, ಮೇಲಿಂದ ಬೈಗುಳ. ನಮ್ಮ ಯಜಮಾನರು ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತೈದು ವರ್ಷ ಕುಳಿತವರು; ಎದುರಿಗಿರುವವರ ಮಾತು ಪೂರ್ತಿ ಮುಗಿಯುವವರೆಗೆ ಬಾಯಿ ತೆರೆಯುವುದಿಲ್ಲ. ಐರೋಲಿ ದಾಟಿದ ಮೇಲೆ ಕೇಳಿದರು:

"ಆಕಿ ನಿನ್ನ ಕೇಳಿದ್ಲೇನು?"

"ಏನ?"

"ಬಿಟ್ಟುಕೊಡು ಅಂತ."

ಅಷ್ಟು ವರ್ಷ ನನ್ನ ಓಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೊದಲ ಸಲ ತೆಗೆದುಕೊಂಡ ಹೆಂಗಸಿನ ಓಟವನ್ನು ನಾನೇ ಲೆಕ್ಕಕ್ಕಿಲ್ಲದಂತೆ ಮಾಡಿದ್ದೆ. ಆಕೆ ನನ್ನಿಂದ ಕೇಳಿದ್ದು ಒಂದೇ, ಪೂರ್ತಿ ಓಡು ಎಂದು. ಅದೊಂದನ್ನೇ ನಾನು ಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೈದಾನಕ್ಕೆ ಹೋದಾಗ ಜಲಜಕ್ಕ ಆಗಲೇ ಬಂದು ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಕ್ಷಮೆ ಕೇಳಲು ಮಾತು ಜೋಡಿಸಿಕೊಂಡು ಎದುರಿಗೆ ನಿಂತೆ. ಅವರು ನನ್ನ ಮುಖ ನೋಡದೆ ಪಾದ ನೋಡಿದರು.

"ಎಡಗಾಲಿನ ಲೇಸು ಸಡಿಲ ಉಂಟು" ಎಂದು ಆಚೆ ಹೋದರು.

ಇನ್ನೂರು ಮೀಟರಿನಲ್ಲಿ ಅರ್ಧ ದಾರಿ ತಿರುವು. ಹೊರಗಿನ ಲೇನಿನವರು ಮುಂದೆ ನಿಂತಂತೆ ಕಾಣುತ್ತಾರೆ, ಒಳಗಿನವರು ಹಿಂದೆ. ನನಗೆ ಐದನೆಯದು, ಜಲಜಕ್ಕನಿಗೆ ನಾಲ್ಕನೆಯದು. ಅಂದರೆ ಅವರು ನನ್ನ ಬೆನ್ನ ಹಿಂದೆ. ನನಗೆ ಕಾಣುವುದಿಲ್ಲ, ಅವರಿಗೆ ನಾನು ಪೂರಾ ಕಾಣುತ್ತೇನೆ. ನೆಲಕ್ಕೆ ಬೆರಳೂರಿ ಕೂತೆ.

ತಿರುವು ಯಾವತ್ತೂ ನನ್ನ ವೈರಿ. ದೇಹ ಒಳಗೆ ವಾಲಬೇಕು, ಮನಸ್ಸು ವಾಲಬಾರದು ಎಂದು ಜಲಜಕ್ಕ ಹೇಳಿದ್ದು ನೂರು ಸಲ. ಅಂದು ವಾಲಿದೆ. ತಿರುವು ಮುಗಿದು ನೇರ ದಾರಿ ಸಿಕ್ಕಾಗ ಎದುರಿಗೆ ಯಾರೂ ಇರಲಿಲ್ಲ. ನೂರೈವತ್ತಕ್ಕೆ ತೊಡೆಗಳು ನೆನೆದ ಗೋಣಿಚೀಲದಂತಾದವು. ಆಗ ಕೇಳಿಸಿತು, ಎಡಕಿವಿಯ ಹಿಂದೆಯೇ, ಜಲಜಕ್ಕನ ಉಸಿರು. ಎಂಟು ತಿಂಗಳು ಮಣ್ಣಿನ ಮೈದಾನದಲ್ಲಿ ಪಕ್ಕದಲ್ಲೇ ಕೇಳಿದ ಉಸಿರು. ಸಾವಿರ ಜನರ ನಡುವೆಯೂ ಗುರುತಿಸಬಲ್ಲೆ. ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ನೋಡಬೇಕೆನಿಸಿತು, ನೋಡಲಿಲ್ಲ. ಇದ್ದದ್ದನ್ನೆಲ್ಲ ಸುರಿದೆ. ಇಲ್ಲದ್ದನ್ನೂ ಸುರಿದೆ. ಗೆರೆ ದಾಟಿದ್ದು ಗೊತ್ತಾಗಲಿಲ್ಲ, ಯಜಮಾನರು "ಮುಗೀತು! ನಿಲ್ಲು, ಮುಗೀತು!" ಎಂದು ಕೂಗಿದ ಮೇಲೆ ನಿಂತೆ. ನಿಂತವಳು ಹಾಗೇ ಹುಲ್ಲಿನ ಮೇಲೆ ಬಿದ್ದೆ.

ಪಕ್ಕದಲ್ಲಿ ಇನ್ನೊಬ್ಬರೂ ಬಿದ್ದಿದ್ದರು. ಇಬ್ಬರೂ ಆಕಾಶ ನೋಡುತ್ತ ಏದುಸಿರು ಬಿಟ್ಟೆವು. ತೀರ್ಪುಗಾರರು ತಮ್ಮ ಗಡಿಯಾರಗಳನ್ನು ಒಂದುಗೂಡಿಸಿ ತಲೆಗೆ ತಲೆ ಕೊಟ್ಟು ನಿಂತಿದ್ದರು. ಬಹಳ ಹೊತ್ತಾದ ಮೇಲೆ ಜಲಜಕ್ಕನಿಗೆ ಮಾತು ಬಂತು.

"ಕಡೆಯ ಇಪ್ಪತ್ತು ಮೀಟರ್ ನಾನು ಪೂರಾ ಕೊಟ್ಟೆ. ನೀನು?"

"ಕೊಟ್ಟೆ ಜಲಜಕ್ಕ. ಏನೂ ಉಳಿಸ್ಕೊಂಡಿಲ್ಲ."

"ಹೌದು, ಹಿಂದಿನಿಂದ ನೋಡಿದೆ" ಎಂದರು. ಆಮೇಲೆ ನಕ್ಕರು. ನಗಲು ಉಸಿರು ಸಾಲದೆ ಕೆಮ್ಮಿದರು.

ಮೈಕಿನಲ್ಲಿ ಮರಾಠಿಯಲ್ಲಿ ಫಲಿತಾಂಶ ಬಂತು. ಪಹಿಲಾ ಕ್ರಮಾಂಕ, ದೋನ್‌ಶೇ ಸತರಾ. ಮೊದಲ ಸ್ಥಾನ, ಇನ್ನೂರ ಹದಿನೇಳು. ನನಗೆ ನನ್ನ ನಂಬರೇ ನೆನಪಾಗಲಿಲ್ಲ. ಜಲಜಕ್ಕ ಕೈಚಾಚಿ ನನ್ನ ಎದೆಯ ಮೇಲಿನ ಕಾಗದವನ್ನು ಬೆರಳಿಂದ ಬಡಿದರು. "ನಿನ್ನದೇ. ಏಳು."

ಪದಕದ ಮೆಟ್ಟಿಲ ಮೇಲೆ ನಾನು ಮೇಲೆ, ಅವರು ಒಂದು ಮೆಟ್ಟಿಲು ಕೆಳಗೆ. ತಲೆ ಎತ್ತಿ, ಎದೆ ಮುಂದೆ ಮಾಡಿ, ಶಾಲೆಯ ಮಕ್ಕಳಿಗೆ ಹೇಗೆ ನಿಲ್ಲಬೇಕೆಂದು ತೋರಿಸುವವರ ಹಾಗೆ ನಿಂತಿದ್ದರು. ಅಷ್ಟು ಚೆಂದವಾಗಿ ಎರಡನೆಯವರಾಗಿ ನಿಂತವರನ್ನು ನಾನು ಇಂದಿಗೂ ಕಂಡಿಲ್ಲ. ಇಳಿದು ಬಂದ ಮೇಲೆ, ನಿನ್ನೆಯ ಪದಕವನ್ನು ಏನು ಮಾಡುತ್ತೀರಿ ಎಂದು ಹೆದರುತ್ತಲೇ ಕೇಳಿದೆ.

"ನಿನಗೆ ಕೊಡುದಿಲ್ಲ" ಎಂದರು. "ನಮ್ಮ ಹಾಲಿನಲ್ಲಿ ಟಿವಿಯ ಮೇಲೆ ತೂಗು ಹಾಕ್ತೇನೆ. ನೀನು ಚಾ ಕುಡಿಲಿಕ್ಕೆ ಬಂದಾಗೆಲ್ಲ ಅದನ್ನು ನೋಡಿ ನಾಚಿಕೆ ಪಟ್ಟುಕೊಳ್ಬೇಕು."

ಹಾಗೆಯೇ ಮಾಡಿದ್ದಾರೆ. ನಾನೂ ಪ್ರತಿ ಸಲ ತಪ್ಪದೆ ನಾಚಿಕೆಪಡುತ್ತೇನೆ. ಆಮೇಲೆ ಚಹಾ ಕುಡಿಯುತ್ತೇನೆ.

ಆ ಭಾನುವಾರ ಸಂಜೆಯ ಗಾಡಿಯಲ್ಲಿ ಯಜಮಾನರನ್ನು ಜನರಲ್ ಡಬ್ಬಕ್ಕೆ ಕಳಿಸಿ ನಾವಿಬ್ಬರೂ ಲೇಡೀಸ್ ಡಬ್ಬ ಹತ್ತಿದೆವು. ಕೂರಲು ಜಾಗವಿರಲಿಲ್ಲ. ಕಾಲೇಜಿನ ಹುಡುಗಿಯೊಬ್ಬಳು ನಮ್ಮ ಸ್ಥಿತಿ ನೋಡಿ ಎದ್ದು, "ಆಂಟೀ, ಆಪ್ ಬೈಠೋ" ಎಂದಳು. ಬೇರೆ ದಿನವಾಗಿದ್ದರೆ ಆಂಟಿ ಎಂದದ್ದಕ್ಕೆ ಬಿಗುಮಾನ ಮಾಡುತ್ತಿದ್ದೆವೇನೋ. ಅಂದು ಆ ಒಬ್ಬರ ಜಾಗದಲ್ಲಿ ಇಬ್ಬರೂ ತೂರಿಕೊಂಡು ಕುಳಿತೆವು. ನನ್ನ ಚೀಲಕ್ಕೆ ಕಟ್ಟಿದ್ದ ಗಿಳಿಹಸಿರು ಬೂಟನ್ನೂ, ಹುಲ್ಲಿನ ಚೂರು ಹತ್ತಿದ ಮೊಣಕೈಯನ್ನೂ ನೋಡಿ ಹುಡುಗಿ ಕೇಳಿದಳು, ಎಲ್ಲಿಗೆ ಹೋಗಿದ್ದಿರಿ ಎಂದು.

ನಾನು ಬಾಯಿ ತೆರೆಯುವ ಮೊದಲೇ ಜಲಜಕ್ಕ ತಮ್ಮ ಪಿಟಿ ಟೀಚರಿನ ದನಿಯಲ್ಲಿ, ಇಡೀ ಡಬ್ಬಕ್ಕೆ ಕೇಳುವಂತೆ ಹೇಳಿದರು:

"ರೇಸ್ ಥಾ. ಇಸ್ನೇ ಮೇರೇಕೋ ಹರಾಯಾ." ಇವಳು ನನ್ನನ್ನು ಸೋಲಿಸಿದಳು ಎಂದು ನನ್ನತ್ತ ಬೆರಳು ಮಾಡಿ, ಒಂದು ಕ್ಷಣ ತಡೆದು, ತಮ್ಮ ಎದೆ ತಟ್ಟಿಕೊಂಡರು. "ಔರ್ ಇಸ್ಕೋ ಸಿಖಾಯಾ ಕಿಸ್ನೇ? ಮೈನೇ!" ಇವಳಿಗೆ ಕಲಿಸಿದ್ದು ಯಾರು, ನಾನೇ ಎಂದು.

ಸುತ್ತಲಿನ ಹೆಂಗಸರೆಲ್ಲ ನಕ್ಕರು, ಯಾರೋ ಚಪ್ಪಾಳೆ ಹೊಡೆದರು. ಜಲಜಕ್ಕ ನನ್ನ ಚೀಲಕ್ಕೆ ತಾವೇ ಕೈಹಾಕಿ ಪದಕ ತೆಗೆದು ನನ್ನ ಕೊರಳಿಗೆ ಹಾಕಿದರು. ಥಾಣೆಯಲ್ಲಿ ಗಾಡಿ ಬದಲಿಸಬೇಕಾದಾಗ ಸೇತುವೆಯ ಮೆಟ್ಟಿಲನ್ನು ಇಬ್ಬರೂ ಕಂಬಿ ಹಿಡಿದು, ಒಂದೊಂದೇ, ಎಲ್ಲರಿಗಿಂತ ನಿಧಾನವಾಗಿ ಹತ್ತಿದೆವು. ಜನ ನಮ್ಮನ್ನು ದಾಟಿಕೊಂಡು ಓಡುತ್ತಿದ್ದರು. ಓಡಲಿ ಎಂದುಕೊಂಡೆ. ಪದಕವನ್ನು ಸೆರಗಿನೊಳಗೆ ಸೇರಿಸಬಹುದಿತ್ತು, ಆದರೆ ನಾನು ಅಂದು ಸೀರೆ ಉಟ್ಟಿರಲಿಲ್ಲ; ಉಟ್ಟಿದ್ದರೂ ಸೇರಿಸುತ್ತಿರಲಿಲ್ಲ.